ಕಿರುಮನೆಯಲ್ಲಿ ಗಣಕಯಂತ್ರ: ಒಂದು ಮೇಜು, ಎರಡು ಪರದೆ

ಮುಂಬಯಿ ನಗರಕ್ಕೂ ಗಣಕಯಂತ್ರಕ್ಕೂ ಇರುವ ನಂಟು ಹಳೆಯದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ರೂಪಿಸಿ ನಿರ್ಮಿಸಿದ ಗಣಕಯಂತ್ರಕ್ಕೆ 1962ರಲ್ಲಿ ಅಂದಿನ ಪ್ರಧಾನ ಮಂತ್ರಿ ಜವಾಹರಲಾಲ್ ನೆಹರೂ ಅವರು 'ಟಿಫ್ರಾಕ್' ಎಂಬ ಹೆಸರನ್ನಿತ್ತರು. ಆ ಯಂತ್ರಕ್ಕೆ ಒಂದು ದೊಡ್ಡ ಕೊಠಡಿಯೇ ಬೇಕಾಗಿತ್ತು. ಲೆಕ್ಕದ ಫಲಿತಾಂಶವನ್ನು ತೋರಿಸಲು ಕ್ಯಾಥೋಡ್ ಕಿರಣದ ಕೊಳವೆಯ ಪರದೆಯೊಂದನ್ನೂ ಅದಕ್ಕೆ ಅಳವಡಿಸಲಾಗಿತ್ತು. ಮೂರು ದಶಕಗಳ ನಂತರ, 1995ರ ಮಾರ್ಚ್ ತಿಂಗಳಲ್ಲಿ, ದಲಾಲ್ ಸ್ಟ್ರೀಟಿನ ಮುಂಬಯಿ ಷೇರು ವಿನಿಮಯ ಕೇಂದ್ರದಲ್ಲಿ ಕೈಸನ್ನೆ ಮತ್ತು ಕೂಗಿನ ವ್ಯವಹಾರವು ನಿಂತು, ಗಣಕಯಂತ್ರದ ಪರದೆಯ ಮೇಲಿನ ವ್ಯವಹಾರವು ಆರಂಭವಾಯಿತು. ಅಂದಿನಿಂದ ದಲ್ಲಾಳಿಗಳ ಕಚೇರಿಗಳಲ್ಲಿ ಒಂದೇ ಮೇಜಿನ ಮೇಲೆ ಎರಡು ಮೂರು ಪರದೆಗಳನ್ನು ಸಾಲಾಗಿ ಇರಿಸಿಕೊಳ್ಳುವುದು ಕ್ರಮೇಣ ವಾಡಿಕೆಯಾಯಿತು.

2020ರ ಮಾರ್ಚ್ 25ರಂದು ದೇಶವ್ಯಾಪಿ ಸಂಚಾರ ನಿರ್ಬಂಧವು ಜಾರಿಗೆ ಬಂದ ಮೇಲೆ, ಕಚೇರಿಯ ಈ ಮೇಜು ಮನೆಗಳನ್ನು ಪ್ರವೇಶಿಸಿತು. ಫೋರ್ಟ್, ಅಂಧೇರಿ, ಬಾಂದ್ರಾ-ಕುರ್ಲಾ ಸಂಕೀರ್ಣಗಳ ಸಹಸ್ರಾರು ನೌಕರರು ಡೊಂಬಿವಲಿ, ಥಾಣೆ, ಮುಲುಂಡ್, ಬೊರಿವಲಿ, ವಸಯಿಗಳ ತಮ್ಮ ಮನೆಗಳಲ್ಲಿಯೇ ಕುಳಿತು ಕೆಲಸ ಮಾಡಬೇಕಾಯಿತು. ನಿರ್ಬಂಧವು ತೆರವಾದ ನಂತರವೂ ಮನೆಯಿಂದ ಕೆಲಸ ಮಾಡುವ ಪದ್ಧತಿಯು ಭಾಗಶಃ ಉಳಿದುಕೊಂಡಿದೆ. ಆದರೆ ಮುಂಬಯಿಯ ಸಾಮಾನ್ಯ ಮನೆಯು ಕಚೇರಿಯಲ್ಲ. ಒಂದು ಕೋಣೆ ಮತ್ತು ಅಡುಗೆಮನೆಯುಳ್ಳ 225 ಚದರ ಅಡಿಯ ವಾಸದಲ್ಲಿ ಮಲಗುವುದು, ಓದುವುದು, ಉಣ್ಣುವುದು, ಅತಿಥಿಗಳನ್ನು ಬರಮಾಡಿಕೊಳ್ಳುವುದು ಎಲ್ಲವೂ ಒಂದೇ ಸ್ಥಳದಲ್ಲಿ ನಡೆಯಬೇಕು. ಅಂತಹ ಮನೆಯಲ್ಲಿ ಗಣಕಯಂತ್ರವನ್ನೂ ಎರಡು ಪರದೆಗಳನ್ನೂ ಕಣ್ಣಿಗೆ, ಕತ್ತಿಗೆ ಮತ್ತು ವಿದ್ಯುತ್ ಸುರಕ್ಷತೆಗೆ ಧಕ್ಕೆಯಾಗದಂತೆ ಜೋಡಿಸುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಎರಡನೆಯ ಪರದೆ ಯಾರಿಗೆ ಅಗತ್ಯ?

ಎರಡು ಪರದೆಗಳು ಪ್ರತಿಷ್ಠೆಯ ವಸ್ತುಗಳಲ್ಲ. ಒಂದನ್ನು ನೋಡುತ್ತಾ ಇನ್ನೊಂದನ್ನು ಬರೆಯಬೇಕಾದ ಕೆಲಸಗಳಲ್ಲಿ ಮಾತ್ರ ಅವುಗಳಿಂದ ನಿಜವಾದ ಪ್ರಯೋಜನವಿದೆ. ಮೂಲ ಪಠ್ಯವನ್ನು ಓದುತ್ತಾ ಕನ್ನಡಕ್ಕೆ ಅನುವಾದಿಸುವವರು, ಖರೀದಿಯ ಬಿಲ್ಲುಗಳನ್ನು ನೋಡುತ್ತಾ ಸರಕು ಮತ್ತು ಸೇವಾ ತೆರಿಗೆಯ ವಿವರಪಟ್ಟಿಯನ್ನು ತುಂಬುವವರು, ಕರಡನ್ನು ತಿದ್ದುತ್ತಾ ಪುಟವಿನ್ಯಾಸ ಮಾಡುವವರು, ಪಾಠವನ್ನು ಕೇಳುತ್ತಾ ಟಿಪ್ಪಣಿ ಬರೆದುಕೊಳ್ಳುವ ವಿದ್ಯಾರ್ಥಿಗಳು ಈ ವರ್ಗಕ್ಕೆ ಸೇರುತ್ತಾರೆ. ಪತ್ರ ಬರೆಯುವುದು, ವಾರ್ತೆ ಓದುವುದು, ರೈಲ್ವೆ ಟಿಕೆಟು ಕಾದಿರಿಸುವುದು ಮುಂತಾದ ಕೆಲಸಗಳಿಗೆ ಒಂದೇ ಪರದೆ ಸಾಕು. ಹಣವನ್ನು ವ್ಯಯಿಸುವ ಮುನ್ನ ಒಂದು ವಾರ ತಮ್ಮ ಕೆಲಸವನ್ನು ಗಮನಿಸಿ, ದಿನದಲ್ಲಿ ಎಷ್ಟು ಬಾರಿ ಒಂದು ಕಿಟಕಿಯನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕಾಗುತ್ತದೆಂದು ಎಣಿಸಿ ನೋಡುವುದು ಒಳಿತು.

ಮುಂಬಯಿಯ ಕನ್ನಡಿಗರಿಗೆ ಈ ವಿಷಯವು ಹೊರಗಿನದಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದವರು. ಅವರು ರೂಪಿಸಿದ ಉಚ್ಚಾರಣಾನುಸಾರಿ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರವು ಅಂಗೀಕರಿಸಿದ ವಿನ್ಯಾಸಕ್ಕೆ ಆಧಾರವಾಯಿತು. ಇಂದು ನಗರದ ಅನೇಕ ಮನೆಗಳಲ್ಲಿ ಅನುವಾದ, ಕರಡು ತಿದ್ದುವಿಕೆ, ಅಕ್ಷರ ಜೋಡಣೆಗಳು ಪುಟದ ಲೆಕ್ಕದ ಸಂಭಾವನೆಗೆ ನಡೆಯುತ್ತಿವೆ. ಹೀಗೆ ದುಡಿಯುವವರಿಗೆ ರಜೆಯ ಸಂಬಳವಿಲ್ಲ. ಕತ್ತುನೋವಿನಿಂದ ಒಂದು ವಾರ ಕೆಲಸ ನಿಂತರೆ ಆ ವಾರದ ಆದಾಯವೇ ನಿಂತಂತೆ. ಆದ್ದರಿಂದ ಮೇಜಿನ ಜೋಡಣೆಯು ಅಲಂಕಾರದ ಪ್ರಶ್ನೆಯಲ್ಲ, ಜೀವನೋಪಾಯದ ಪ್ರಶ್ನೆ.

ಮೊದಲು ಅಳತೆ, ನಂತರ ಖರೀದಿ

ಅಂಗಡಿಯಲ್ಲಿ ಪರದೆಯ ಗಾತ್ರವನ್ನು ಮೂಲೆಯಿಂದ ಮೂಲೆಗೆ, ಅಂಗುಲಗಳಲ್ಲಿ ಹೇಳುತ್ತಾರೆ. ಮೇಜಿನ ಮೇಲೆ ಬೇಕಾಗುವುದಾದರೋ ಅದರ ಅಗಲ. ಈಗ ಹೆಚ್ಚಾಗಿ ಬಳಕೆಯಲ್ಲಿರುವ, ಅಗಲ ಮತ್ತು ಎತ್ತರಗಳು 16ಕ್ಕೆ 9ರ ಪ್ರಮಾಣದಲ್ಲಿರುವ ಪರದೆಗಳ ಅಂದಾಜು ಅಳತೆಗಳು ಹೀಗಿವೆ:

22 ಅಂಗುಲ ವರ್ಗದ ಪರದೆ: ಅಗಲ 48 ಸೆಂಟಿಮೀಟರ್, ಎತ್ತರ 27 ಸೆಂಟಿಮೀಟರ್.
24 ಅಂಗುಲದ ಪರದೆ: ಅಗಲ 53 ಸೆಂಟಿಮೀಟರ್, ಎತ್ತರ 30 ಸೆಂಟಿಮೀಟರ್.
27 ಅಂಗುಲದ ಪರದೆ: ಅಗಲ 60 ಸೆಂಟಿಮೀಟರ್, ಎತ್ತರ 34 ಸೆಂಟಿಮೀಟರ್.

ಇವು ಚಿತ್ರ ಮೂಡುವ ಭಾಗದ ಅಳತೆಗಳು. ಚೌಕಟ್ಟಿಗಾಗಿ ಒಂದೆರಡು ಸೆಂಟಿಮೀಟರ್ ಸೇರಿಸಿಕೊಳ್ಳಬೇಕು. ಅಂದರೆ, 24 ಅಂಗುಲದ ಎರಡು ಪರದೆಗಳನ್ನು ಪಕ್ಕಪಕ್ಕದಲ್ಲಿ ಇರಿಸಲು ಸುಮಾರು 108 ಸೆಂಟಿಮೀಟರ್ ಅಗಲ ಬೇಕು. ನಾಲ್ಕು ಅಡಿಯ, ಎಂದರೆ ಸುಮಾರು 120 ಸೆಂಟಿಮೀಟರಿನ ಮೇಜಿನಲ್ಲಿ ಇವು ಹಿಡಿಸುತ್ತವೆ. ಮೂರು ಅಡಿಯ ಮೇಜಿನಲ್ಲಿ ಹಿಡಿಸುವುದಿಲ್ಲ. ಆದರೆ ಒಂದು ಪರದೆಯನ್ನು ಅಡ್ಡಲಾಗಿಯೂ ಇನ್ನೊಂದನ್ನು ನೆಟ್ಟಗೆ ತಿರುಗಿಸಿಯೂ ನಿಲ್ಲಿಸಿದರೆ, ಒಟ್ಟು ಅಗಲವು 86 ಸೆಂಟಿಮೀಟರಿಗೆ ಇಳಿಯುತ್ತದೆ. ಮೂರು ಅಡಿಯ ಮೇಜಿಗೆ ಇದು ಸರಿಹೊಂದುತ್ತದೆ.

ಖರೀದಿಗೆ ಹೊರಡುವ ಮುನ್ನ ಒಂದು ಸುಲಭ ಪರೀಕ್ಷೆಯನ್ನು ಮಾಡಬಹುದು. ಹಳೆಯ ವೃತ್ತಪತ್ರಿಕೆಯನ್ನು ಪರದೆಗಳ ಅಳತೆಗೆ ಕತ್ತರಿಸಿ, ಮೇಜಿನ ಹಿಂದಿನ ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕುಳಿತು ನೋಡಬೇಕು. ಕಪಾಟಿನ ಬಾಗಿಲು ತೆರೆಯುತ್ತದೆಯೇ, ರಾತ್ರಿ ಹಾಸಿಗೆ ಹಾಸಿದ ಮೇಲೆ ನಡೆದಾಡಲು ದಾರಿಯಿದೆಯೇ, ಕಿಟಕಿಯ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಆಗಲೇ ಉತ್ತರ ದೊರೆಯುತ್ತದೆ.

ಕಣ್ಣು, ಕತ್ತು ಮತ್ತು ಕೈ

ಜೋಡಣೆಯನ್ನು ಮೇಜಿನಿಂದ ಆರಂಭಿಸುವುದು ಸಾಮಾನ್ಯ ತಪ್ಪು. ಅದು ಕುರ್ಚಿಯಿಂದ, ಎಂದರೆ ದೇಹದಿಂದ, ಆರಂಭವಾಗಬೇಕು. ಅನುಸರಿಸತಕ್ಕ ಕ್ರಮವು ಹೀಗಿದೆ.

1. ಪಾದಗಳು ನೆಲದ ಮೇಲೆ ಪೂರ್ಣವಾಗಿ ಊರಿರಬೇಕು. ಬೆನ್ನಿಗೆ ಒರಗು ಇರಬೇಕು.

2. ಭುಜಗಳನ್ನು ಸಡಿಲಬಿಟ್ಟು ಕುಳಿತಾಗ ಮೊಣಕೈ ಇರುವ ಎತ್ತರದಲ್ಲಿಯೇ ಕೀಲಿಮಣೆಯು ಇರಬೇಕು. ಮಾರುಕಟ್ಟೆಯಲ್ಲಿ ದೊರೆಯುವ ಮೇಜುಗಳ ಎತ್ತರ ಸಾಮಾನ್ಯವಾಗಿ 72ರಿಂದ 75 ಸೆಂಟಿಮೀಟರ್. ಐದು ಅಡಿ ಎತ್ತರದ ವ್ಯಕ್ತಿಗೆ ಇದು ಹೆಚ್ಚಾಗುತ್ತದೆ. ಅಂತಹವರು ಕುರ್ಚಿಯನ್ನು ಎತ್ತರಿಸಿಕೊಂಡು, ಕಾಲಿನ ಕೆಳಗೆ ಗಟ್ಟಿಯಾದ ಮಣೆಯೊಂದನ್ನು ಇಟ್ಟುಕೊಳ್ಳಬೇಕು.

3. ಕಣ್ಣಿನಿಂದ ಪರದೆಗೆ 50ರಿಂದ 70 ಸೆಂಟಿಮೀಟರ್ ಅಂತರವಿರಬೇಕು. ಚಾಚಿದ ತೋಳಿನ ಬೆರಳ ತುದಿಯು ಪರದೆಗೆ ತಾಕುವಷ್ಟು ದೂರವೆಂದು ನೆನಪಿಟ್ಟುಕೊಳ್ಳಬಹುದು.

4. ಪರದೆಯ ಮೇಲಿನ ಅಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇರಬೇಕು. ಪರದೆಯು ತಗ್ಗಿನಲ್ಲಿದ್ದರೆ ಹಳೆಯ ದಪ್ಪ ಪುಸ್ತಕಗಳನ್ನು ಕೆಳಗಿಟ್ಟು ಎತ್ತರಿಸಬಹುದು. ಆದರೆ ಅವು ಅಲುಗಾಡಬಾರದು. ದ್ವಿಕೇಂದ್ರೀಯ ಅಥವಾ ಪ್ರಗತಿಶೀಲ ಮಸೂರದ ಕನ್ನಡಕ ಧರಿಸುವವರು ಮಸೂರದ ಕೆಳಭಾಗದಿಂದ ಓದುತ್ತಾರೆ. ಅವರು ಪರದೆಯನ್ನು ಇನ್ನೂ ಕೆಳಗಿರಿಸಿ ಸ್ವಲ್ಪ ಹಿಂದಕ್ಕೆ ವಾಲಿಸಿಕೊಳ್ಳಬೇಕು. ಇಲ್ಲವಾದರೆ ಗದ್ದವನ್ನು ಮೇಲೆತ್ತಿ ಓದುವ ಅಭ್ಯಾಸವಾಗಿ ಕತ್ತಿಗೆ ನೋವುಂಟಾಗುತ್ತದೆ.

5. ಕಿಟಕಿಯು ಪರದೆಯ ಬೆನ್ನಿಗಾಗಲಿ, ಕುಳಿತವರ ಬೆನ್ನಿಗಾಗಲಿ ಇರಬಾರದು. ಮೊದಲನೆಯದರಲ್ಲಿ ಕಣ್ಣು ಕುಕ್ಕುತ್ತದೆ. ಎರಡನೆಯದರಲ್ಲಿ ಬೆಳಕು ಪರದೆಯಲ್ಲಿ ಪ್ರತಿಫಲಿಸುತ್ತದೆ. ಕಿಟಕಿಯು ಎಡಕ್ಕೆ ಅಥವಾ ಬಲಕ್ಕೆ ಇರುವುದು ಉತ್ತಮ.

6. ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದ ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವೊಂದನ್ನು, 20 ಸೆಕೆಂಡುಗಳ ಕಾಲ ನೋಡಬೇಕು. ಕಿರುಮನೆಯೊಳಗೆ ಅಷ್ಟು ದೂರ ದೊರೆಯದಿದ್ದಲ್ಲಿ ಕಿಟಕಿಯಾಚೆಯ ಕಟ್ಟಡ, ಮರ ಅಥವಾ ರೈಲುದಾರಿಯತ್ತ ದೃಷ್ಟಿ ಹಾಯಿಸಬಹುದು.

ಚಾಳುಗಳಲ್ಲಿ ನೆಲದ ಮೇಲೆ ಕುಳಿತು ತಗ್ಗು ಮೇಜಿನಲ್ಲಿ ಕೆಲಸ ಮಾಡುವವರೂ ಇದ್ದಾರೆ. ಅವರಿಗೂ ಮೇಲಿನ ನಿಯಮಗಳೇ ಅನ್ವಯಿಸುತ್ತವೆ. ಗೋಡೆಗೆ ಪಕ್ಕಾಗಿ ಕುಳಿತು, ಇನ್ನೊಬ್ಬರಿಂದ ಕಣ್ಣಿನ ಮಟ್ಟವನ್ನು ಪೆನ್ಸಿಲ್‌ನಿಂದ ಗುರುತು ಹಾಕಿಸಿ, ಪರದೆಯ ಮೇಲಂಚನ್ನು ಆ ಗುರುತಿಗೆ ಸರಿಹೊಂದಿಸಬೇಕು. ಬೆನ್ನಿಗೆ ಗೋಡೆ ಅಥವಾ ದಿಂಬಿನ ಆಸರೆ ಇರತಕ್ಕದ್ದು.

ಎರಡು ಪರದೆಗಳನ್ನು ಇರಿಸುವ ಮೂರು ಬಗೆಗಳು

ಸಮಾನ ಬಳಕೆ: ಎರಡನ್ನೂ ಸಮವಾಗಿ ನೋಡುವವರು ಎರಡರ ಅಂಚುಗಳನ್ನು ಕೂಡಿಸಿ, ಆ ಕೂಡುಗೆರೆಯು ಮೂಗಿನ ನೇರಕ್ಕೆ ಬರುವಂತೆ ಇರಿಸಿಕೊಳ್ಳಬೇಕು. ತೆರೆದ ಪುಸ್ತಕದಂತೆ ಎರಡೂ ಪರದೆಗಳು ತುಸು ಒಳಮುಖವಾಗಿ ತಿರುಗಿರಬೇಕು.

ಮುಖ್ಯ ಮತ್ತು ಪೂರಕ: ದಿನದ ಬಹುಪಾಲು ಕೆಲಸವು ಒಂದೇ ಪರದೆಯಲ್ಲಿ ನಡೆಯುವುದಾದರೆ, ಅದನ್ನು ನೇರ ಮುಂದೆ ಇರಿಸಿ, ಎರಡನೆಯದನ್ನು ಪಕ್ಕಕ್ಕೆ ಸುಮಾರು 30 ಡಿಗ್ರಿ ಕೋನದಲ್ಲಿ ನಿಲ್ಲಿಸಬೇಕು. ಮುಖ್ಯ ಪರದೆಯೇ ಪಕ್ಕದಲ್ಲಿದ್ದರೆ ಕತ್ತು ದಿನವಿಡೀ ಒಂದೇ ಕಡೆಗೆ ತಿರುಗಿರುತ್ತದೆ. ಎರಡು ಪರದೆಗಳ ಬಳಕೆಯಿಂದ ಉಂಟಾಗುವ ಕತ್ತುನೋವಿಗೆ ಇದು ಒಂದು ಮುಖ್ಯ ಕಾರಣ.

ಅಡ್ಡ ಮತ್ತು ನೆಟ್ಟಗೆ: ಓದುವ ಪಠ್ಯವನ್ನು ನೆಟ್ಟಗಿನ ಪರದೆಯಲ್ಲಿಯೂ ಬರೆಯುವ ಪಠ್ಯವನ್ನು ಅಡ್ಡ ಪರದೆಯಲ್ಲಿಯೂ ಇರಿಸುವ ಈ ಬಗೆಯು ಅನುವಾದಕರಿಗೆ ಹೇಳಿ ಮಾಡಿಸಿದಂತಿದೆ. ಒಂದು ಪುಟವು ಪೂರ್ತಿಯಾಗಿ ಕಾಣುತ್ತದೆ. ಆದರೆ ನೆಟ್ಟಗೆ ತಿರುಗಿಸಿದ 24 ಅಂಗುಲದ ಪರದೆಯು 53 ಸೆಂಟಿಮೀಟರ್ ಎತ್ತರವಾಗುವುದರಿಂದ ಅದರ ಮೇಲಂಚು ಕಣ್ಣಿನ ಮಟ್ಟವನ್ನು ಮೀರುತ್ತದೆ. ಆದ್ದರಿಂದ ಅದರ ಕೆಳಂಚನ್ನು ಮೇಜಿನ ಹತ್ತಿರಕ್ಕೆ ಇಳಿಸಿ, ಓದುತ್ತಿರುವ ಸಾಲುಗಳನ್ನು ಪರದೆಯ ಕೆಳಗಿನ ಮೂರನೆಯ ಎರಡು ಭಾಗದಲ್ಲಿ ಉಳಿಸಿಕೊಳ್ಳಬೇಕು.

ಪರದೆಯ ಪೀಠವು ಮೇಜಿನ ಆಳದಲ್ಲಿ ಸುಮಾರು 20 ಸೆಂಟಿಮೀಟರ್ ಜಾಗವನ್ನು ನುಂಗುತ್ತದೆ. ಮೇಜು ಕಿರಿದಾಗಿದ್ದರೆ ಲೋಹದ ತೋಳಿನ ಅಥವಾ ಗೋಡೆಯ ಹಿಡಿಕೆಯ ಮೇಲೆ ಪರದೆಯನ್ನು ಕೂರಿಸಬಹುದು. ಇದಕ್ಕಾಗಿ ಪರದೆಯ ಬೆನ್ನಿನಲ್ಲಿ ನಾಲ್ಕು ತಿರುಪಿನ ರಂಧ್ರಗಳಿರಬೇಕು. ವೆಸಾ ಮಾನಕದಂತೆ ಇವುಗಳ ನಡುವಿನ ಅಂತರ 75 ಅಥವಾ 100 ಮಿಲಿಮೀಟರ್. ರಂಧ್ರಗಳಿಲ್ಲದ ಪರದೆಗಳೂ ಮಾರಾಟದಲ್ಲಿರುವುದರಿಂದ ಕೊಳ್ಳುವಾಗಲೇ ತಿರುಗಿಸಿ ನೋಡತಕ್ಕದ್ದು. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಯ ಮೇಜು ಮುಂಬಯಿಯ ಮಳೆಗಾಲದ ತೇವಕ್ಕೆ ಉಬ್ಬಿ ಸಡಿಲಗೊಳ್ಳುತ್ತದೆ. ಅಂತಹ ಮೇಜಿಗೆ ಲೋಹದ ತೋಳನ್ನು ಬಿಗಿಯುವಾಗ ಹಲಗೆಯ ಮೇಲೆ ಮತ್ತು ಕೆಳಗೆ ಉಕ್ಕಿನ ತಗಡನ್ನು ಇಡುವುದು ಅವಶ್ಯಕ.

ವಿದ್ಯುತ್ ಸಂಪರ್ಕ

ದ್ವೀಪನಗರದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಮತ್ತು ಟಾಟಾ, ಮುಲುಂಡ್, ಭಾಂಡುಪ್, ಥಾಣೆ, ಕಲ್ಯಾಣಗಳತ್ತ ಮಹಾವಿತರಣ ಎಂದು ವಿದ್ಯುತ್ ಪೂರೈಸುವ ಸಂಸ್ಥೆಗಳು ಬೇರೆ ಬೇರೆಯಾಗಿದ್ದರೂ, ಮನೆಗೆ ಬರುವ ವಿದ್ಯುತ್ತು 230 ವೋಲ್ಟ್‌ನದೇ. ಮೀಟರಿನಿಂದ ಈಚೆಗಿನ ತಂತಿಗಳ ಹೊಣೆ ಮನೆಯವರದು. ಹಳೆಯ ಕಟ್ಟಡಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಅದರ ಮೇಲಿನ ದೊಡ್ಡ ರಂಧ್ರಕ್ಕೆ ಭೂಸಂಪರ್ಕವೇ ಇಲ್ಲದಿರುವುದುಂಟು. ಗಣಕಯಂತ್ರದ ಲೋಹದ ಪೆಟ್ಟಿಗೆಯನ್ನು ಮುಟ್ಟಿದಾಗ ಜುಮ್ಮೆನ್ನುವುದು ಇದರ ಲಕ್ಷಣ. ಅದನ್ನು ಉಪೇಕ್ಷಿಸದೆ ಪರವಾನಗಿ ಹೊಂದಿದ ವಿದ್ಯುತ್ ಕುಶಲಕರ್ಮಿಯಿಂದ ಪರೀಕ್ಷಿಸಬೇಕು.

ಈ ಮೇಜಿಗೆ ಬೇಕಾಗುವ ವಿದ್ಯುತ್ತು ಅಷ್ಟೇನೂ ಹೆಚ್ಚಲ್ಲ. ಬರಹ ಮತ್ತು ಲೆಕ್ಕದ ಕೆಲಸ ಮಾಡುವ ಸಾಧಾರಣ ಗಣಕಯಂತ್ರಕ್ಕೆ ಸುಮಾರು 100 ವಾಟ್, ಎರಡು ಪರದೆಗಳಿಗೆ ತಲಾ 25 ವಾಟ್, ಅಂತರಜಾಲದ ಪೆಟ್ಟಿಗೆಗೆ 10 ವಾಟ್, ಹೀಗೆ ಒಟ್ಟು 160 ವಾಟ್ ಎಂದು ಲೆಕ್ಕ ಹಿಡಿಯಬಹುದು. ಇದು 230 ವೋಲ್ಟ್‌ನಲ್ಲಿ 0.7 ಆಂಪಿಯರ್ ಆಗುತ್ತದೆ. 6 ಆಂಪಿಯರಿನ ಸಾಕೆಟ್ ಇದನ್ನು ಸುಲಭವಾಗಿ ಹೊರುತ್ತದೆ. ಅಪಾಯವಿರುವುದು ಅದೇ ವಿಸ್ತರಣಾ ಫಲಕಕ್ಕೆ ಇತರ ಉಪಕರಣಗಳನ್ನು ಸೇರಿಸುವುದರಲ್ಲಿ. 1000 ವಾಟಿನ ಇಸ್ತ್ರಿ ಪೆಟ್ಟಿಗೆಯು 4.3 ಆಂಪಿಯರ್ ಎಳೆಯುತ್ತದೆ. 1500 ವಾಟಿನ ನೀರು ಕಾಯಿಸುವ ಸಲಾಕೆಯು ಒಂದೇ 6.5 ಆಂಪಿಯರ್ ಎಳೆದು ಮಿತಿಯನ್ನು ಮೀರುತ್ತದೆ. ತಂತಿ ಕಾಯುತ್ತದೆ, ಹೊದಿಕೆ ಕರಗುತ್ತದೆ, ಬೆಂಕಿ ಹೊತ್ತಿಕೊಳ್ಳುತ್ತದೆ. ಒಂದೇ ಬಾಗಿಲಿನ ಕೋಣೆಯಲ್ಲಿ ಬೆಂಕಿಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ:

ಗಣಕಯಂತ್ರದ ಫಲಕಕ್ಕೆ ಇಸ್ತ್ರಿ, ಮಿಕ್ಸರ್, ನೀರು ಕಾಯಿಸುವ ಸಲಾಕೆಗಳನ್ನು ಸೇರಿಸತಕ್ಕದ್ದಲ್ಲ.
ಒಂದು ವಿಸ್ತರಣಾ ಫಲಕಕ್ಕೆ ಇನ್ನೊಂದು ಫಲಕವನ್ನು ಜೋಡಿಸತಕ್ಕದ್ದಲ್ಲ.
ಫಲಕವನ್ನು ಹಾಸಿಗೆಯ ಅಥವಾ ಬಟ್ಟೆಯ ರಾಶಿಯ ಕೆಳಗೆ ಇಡತಕ್ಕದ್ದಲ್ಲ. ಮೇಜಿನ ಕೆಳಮೈಗೆ ತಿರುಪಿನಿಂದ ಬಿಗಿಯುವುದು ಉತ್ತಮ.
ಭಾರತೀಯ ಮಾನಕ ಬ್ಯೂರೋದ ಗುರುತಿರುವ ಫಲಕ ಮತ್ತು ಪರದೆಗಳನ್ನೇ ಕೊಳ್ಳಬೇಕು.

ವಿದ್ಯುತ್ ಹಠಾತ್ತನೆ ನಿಂತಾಗ ಬರೆದದ್ದು ನಷ್ಟವಾಗದಂತೆ ಯು.ಪಿ.ಎಸ್. ಉಪಕರಣವನ್ನು ಬಳಸಬಹುದು. 600 ವೋಲ್ಟ್-ಆಂಪಿಯರ್ ಎಂದು ಬರೆದಿರುವ ಸಾಮಾನ್ಯ ಉಪಕರಣವು ವಾಸ್ತವವಾಗಿ 360 ವಾಟಿನಷ್ಟು ಹೊರಬಲ್ಲುದು. ಮೇಲಿನ 160 ವಾಟಿಗೆ ಅದು ಸಾಕು. ಕೆಲಸವನ್ನು ಕೆಲವು ನಿಮಿಷಗಳಲ್ಲಿ ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸುವುದಕ್ಕಷ್ಟೇ ಅದು ಇರುವುದು, ಮುಂದುವರಿಸುವುದಕ್ಕಲ್ಲ. ಲೇಸರ್ ಮುದ್ರಣ ಯಂತ್ರವನ್ನು ಅದಕ್ಕೆ ಜೋಡಿಸಬಾರದು.

ತಂತಿಗಳು ಮತ್ತು ತಂತ್ರಾಂಶದ ಹೊಂದಾಣಿಕೆ

ಪರದೆಯನ್ನು ಪೆಟ್ಟಿಗೆಗೆ ಜೋಡಿಸುವ ಕಿಂಡಿಗಳು ಮುಖ್ಯವಾಗಿ ನಾಲ್ಕು ಬಗೆಯವು: ಹಳೆಯ ವಿಜಿಎ ಮತ್ತು ಡಿವಿಐ, ಈಗಿನ ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟ್. ಎರಡನೆಯ ಪರದೆಯನ್ನು ಕೊಳ್ಳುವ ಮುನ್ನ ಪೆಟ್ಟಿಗೆಯ ಬೆನ್ನಿನಲ್ಲಿ ಎರಡು ಕಿಂಡಿಗಳಿವೆಯೇ ಎಂದು ನೋಡಬೇಕು. ಪೆಟ್ಟಿಗೆಯಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದಲ್ಲಿ ಎರಡೂ ತಂತಿಗಳನ್ನು ಆ ಕಾರ್ಡಿನ ಕಿಂಡಿಗಳಿಗೇ ಜೋಡಿಸಬೇಕು. ಒಂದನ್ನು ಕಾರ್ಡಿಗೂ ಇನ್ನೊಂದನ್ನು ಮೂಲ ಫಲಕದ ಕಿಂಡಿಗೂ ಜೋಡಿಸಿ, ಎರಡನೆಯ ಪರದೆಯೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸುವ ಪ್ರಸಂಗಗಳುಂಟು. ಪರಿವರ್ತಕಗಳಿಗೂ ದಿಕ್ಕಿದೆ ಎಂಬುದು ಗಮನಾರ್ಹ. ಪೆಟ್ಟಿಗೆಯ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐ ಪರದೆಗೆ ಹೋಗುವ ಸಾಮಾನ್ಯ ತಂತಿಯು ತಿರುಗುಮುರುಗಾಗಿ ಕೆಲಸ ಮಾಡುವುದಿಲ್ಲ.

ವಿಂಡೋಸ್ ತಂತ್ರಾಂಶವು ಒಂದಕ್ಕಿಂತ ಹೆಚ್ಚು ಪರದೆಗಳನ್ನು 1998ರ ಆವೃತ್ತಿಯಿಂದಲೇ ಗುರುತಿಸುತ್ತದೆ. ಈಗಿನ ಆವೃತ್ತಿಗಳಲ್ಲಿ ವಿಂಡೋಸ್ ಕೀಲಿಯನ್ನೂ 'ಪಿ' ಅಕ್ಷರವನ್ನೂ ಒಟ್ಟಿಗೆ ಒತ್ತಿ, 'ಎಕ್ಸ್‌ಟೆಂಡ್' ಎಂಬುದನ್ನು ಆರಿಸಬೇಕು. 'ಡ್ಯುಪ್ಲಿಕೇಟ್' ಎಂಬುದನ್ನು ಆರಿಸಿದರೆ ಎರಡರಲ್ಲೂ ಒಂದೇ ಚಿತ್ರವು ಮೂಡುತ್ತದೆ. ನಂತರ ಡಿಸ್‌ಪ್ಲೇ ಸೆಟ್ಟಿಂಗ್ಸ್ ಪುಟದಲ್ಲಿ ಕಾಣುವ 1 ಮತ್ತು 2 ಎಂಬ ಚೌಕಗಳನ್ನು, ಮೇಜಿನ ಮೇಲೆ ಪರದೆಗಳು ನಿಂತಿರುವ ಕ್ರಮದಲ್ಲಿಯೇ ಎಳೆದು ಕೂರಿಸಬೇಕು. ಹೀಗೆ ಮಾಡದಿದ್ದರೆ ಮೌಸ್ ಬಾಣವು ಬಲಕ್ಕೆ ಸರಿಸಿದಾಗ ಎಡದ ಪರದೆಗೆ ಹೋಗುತ್ತದೆ, ಇಲ್ಲವೇ ಅಂಚಿನಲ್ಲಿ ತಡೆಯುತ್ತದೆ. ನೇರ ಮುಂದಿರುವ ಪರದೆಯನ್ನು ಮುಖ್ಯ ಪರದೆಯೆಂದು ಗುರುತಿಸಬೇಕು. ತೆರೆದ ಕಿಟಕಿಯೊಂದನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ಸಾಗಿಸಲು ವಿಂಡೋಸ್, ಶಿಫ್ಟ್ ಮತ್ತು ಬಾಣದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಒತ್ತಕ್ಷರ ಮತ್ತು ಗುಣಿತ ಚಿಹ್ನೆಗಳುಳ್ಳ ನಮ್ಮ ಲಿಪಿಯು ಇಂಗ್ಲಿಷ್ ಲಿಪಿಯಷ್ಟು ಚಿಕ್ಕ ಗಾತ್ರದಲ್ಲಿ ಸ್ಪಷ್ಟವಾಗುವುದಿಲ್ಲ. ಅಕ್ಷರಗಳ ಪ್ರಮಾಣವನ್ನು ಶೇಕಡ 125ಕ್ಕೆ ಏರಿಸಿಕೊಂಡರೆ 'ಪ' ಮತ್ತು 'ಷ', 'ಧ' ಮತ್ತು 'ದ'ಗಳ ನಡುವಣ ವ್ಯತ್ಯಾಸವನ್ನು ಕಾಣಲು ಮುಂದಕ್ಕೆ ಬಾಗಬೇಕಾಗುವುದಿಲ್ಲ. ಎರಡು ಪರದೆಗಳ ಹೊಳಪೂ ಒಂದೇ ಮಟ್ಟದಲ್ಲಿರಬೇಕು.

ಮಳೆ, ತೇವ ಮತ್ತು ಧೂಳು

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಗರದ ನೆಲಮಾಳಿಗೆ ಮತ್ತು ನೆಲಮಟ್ಟದ ಅಸಂಖ್ಯ ಮನೆಗಳಿಗೆ ನೀರು ನುಗ್ಗಿತು. ಅಂತಹ ದಿನವು ಅಪರೂಪವಾದರೂ, ತಗ್ಗು ಪ್ರದೇಶಗಳಲ್ಲಿ ಮೊಣಕಾಲುದ್ದದ ನೀರು ಅಪರೂಪವಲ್ಲ. ಆದುದರಿಂದ ನೆಲಮಟ್ಟದ ಮನೆಗಳಲ್ಲಿ ಗಣಕಯಂತ್ರದ ಪೆಟ್ಟಿಗೆಯನ್ನು ನೆಲದ ಮೇಲಿಡದೆ ಮೇಜಿನ ಮಟ್ಟದಲ್ಲಿಯೇ ಇಡಬೇಕು. ಮೇಲಿನ ಅಂತಸ್ತುಗಳಲ್ಲಿಯೂ ನೆಲ ಒರೆಸುವ ನೀರು ಮತ್ತು ಧೂಳಿನಿಂದ ರಕ್ಷಿಸಲು 30 ಸೆಂಟಿಮೀಟರ್ ಎತ್ತರದ ಪೀಠವಿರುವುದು ಒಳ್ಳೆಯದು. ನೀರು ತಗಲಿದ ಯಂತ್ರವನ್ನು ಯಾವ ಕಾರಣಕ್ಕೂ ಚಾಲೂ ಮಾಡಿ ಪರೀಕ್ಷಿಸತಕ್ಕದ್ದಲ್ಲ. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪ್ರತ್ಯೇಕ ಸಂಗ್ರಾಹಕದಲ್ಲಿ ತೆಗೆದು ಎತ್ತರದ ಕಪಾಟಿನಲ್ಲಿ ಇಟ್ಟಿರಬೇಕು.

ಪೆಟ್ಟಿಗೆಯ ಬೆನ್ನು ಮತ್ತು ಗೋಡೆಯ ನಡುವೆ 10 ಸೆಂಟಿಮೀಟರ್ ತೆರಪಿರಬೇಕು. ಬಿಸಿ ಗಾಳಿ ಹೊರಹೋಗುವ ದಾರಿ ಅದೇ. ಮಳೆಗಾಲದಲ್ಲಿ ಒದ್ದೆಯಾಗುವ ಹೊರಗೋಡೆಗೆ ಮೇಜನ್ನು ತಾಗಿಸಬಾರದು. ಸಮುದ್ರ ಸಮೀಪದ ಬಡಾವಣೆಗಳಲ್ಲಿ ಉಪ್ಪಿನಂಶದ ಗಾಳಿಯು ಲೋಹದ ಸಂಪರ್ಕಗಳನ್ನು ತುಕ್ಕುಗೊಳಿಸುತ್ತದೆ. ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ಆಗಾಗ ಚಾಲೂ ಮಾಡಿದರೆ ಒಳಗಿನ ಶಾಖದಿಂದ ತೇವವು ಆರುತ್ತದೆ.

ಒಂದು ಉದಾಹರಣೆ

ಡೊಂಬಿವಲಿಯ ಒಂದು ಕೋಣೆ-ಅಡುಗೆಮನೆಯ ವಾಸವನ್ನು ಊಹಿಸಿಕೊಳ್ಳಬಹುದು. ತಾಯಿ ಹಗಲು ಅನುವಾದದ ಕೆಲಸ ಮಾಡುತ್ತಾರೆ. ಹನ್ನೆರಡನೆಯ ತರಗತಿಯ ಮಗ ಸಂಜೆ ಅದೇ ಯಂತ್ರದಲ್ಲಿ ಓದುತ್ತಾನೆ. ಬಾಗಿಲಿಗೂ ಕಿಟಕಿಗೂ ನಡುವೆ ದೊರೆಯುವ ಗೋಡೆ 110 ಸೆಂಟಿಮೀಟರ್. ಮೇಜು 90 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಆಳ. ತಾಯಿಯ ಎತ್ತರ 150 ಸೆಂಟಿಮೀಟರ್, ಮಗನದು 170.

24 ಅಂಗುಲದ ಎರಡು ಪರದೆಗಳನ್ನು ಪಕ್ಕಪಕ್ಕದಲ್ಲಿಡಲು 108 ಸೆಂಟಿಮೀಟರ್ ಬೇಕಾಗುವುದರಿಂದ ಅದು ಸಾಧ್ಯವಿಲ್ಲ. ಒಂದನ್ನು ಅಡ್ಡ, ಒಂದನ್ನು ನೆಟ್ಟಗೆ ನಿಲ್ಲಿಸಿದರೆ 86 ಸೆಂಟಿಮೀಟರಿನಲ್ಲಿ ಮುಗಿಯುತ್ತದೆ. ಮೇಜಿನ ಆಳವು 50 ಸೆಂಟಿಮೀಟರ್ ಮಾತ್ರ. ಪೀಠದ ಮೇಲಿಟ್ಟರೆ ಪರದೆಯು 10 ಸೆಂಟಿಮೀಟರಿನಷ್ಟು ಮುಂದೆ ಬಂದು ಕಣ್ಣಿಗೆ ತೀರ ಹತ್ತಿರವಾಗುತ್ತದೆ. ಗೋಡೆಯ ಹಿಡಿಕೆಗೆ ಕೂರಿಸಿದರೆ ಮೇಜಿನ ಪೂರ್ಣ ಆಳವೂ ದೊರೆತು, ಕಣ್ಣಿಗೂ ಪರದೆಗೂ ಸುಮಾರು 60 ಸೆಂಟಿಮೀಟರ್ ಅಂತರ ಉಳಿಯುತ್ತದೆ. ಬಾಡಿಗೆಯ ಮನೆಯಾದಲ್ಲಿ ಗೋಡೆಗೆ ರಂಧ್ರ ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯುವುದು ಸೂಕ್ತ. ಕಿಟಕಿಯು ಪಕ್ಕದಲ್ಲಿರುವುದರಿಂದ ಬೆಳಕಿನ ತೊಂದರೆಯಿಲ್ಲ.

ಉಳಿದಿರುವುದು ಇಬ್ಬರ ಎತ್ತರದ ಪ್ರಶ್ನೆ. ತಾಯಿಗೆ ಸರಿಹೊಂದಿಸಿದ ಕುರ್ಚಿಯು ಮಗನಿಗೆ ಹೊಂದುವುದಿಲ್ಲ. ಕುರ್ಚಿಯ ಕಂಬದ ಮೇಲೆ ಇಬ್ಬರಿಗೂ ತಕ್ಕ ಮಟ್ಟಗಳನ್ನು ಬಣ್ಣದ ಪಟ್ಟಿಯಿಂದ ಗುರುತಿಸಬೇಕು. ತಾಯಿ ಕೆಲಸ ಮಾಡುವಾಗ ಕಾಲಿನ ಕೆಳಗೆ ಮಣೆ. ಮಗ ಕುಳಿತಾಗ ಮಣೆ ಪಕ್ಕಕ್ಕೆ. ಪರದೆಯ ಹಿಡಿಕೆಯು ಮೇಲೆ ಕೆಳಗೆ ಸರಿಯುವಂಥದ್ದಾಗಿದ್ದರೆ ಅದರ ಮೇಲೂ ಎರಡು ಗುರುತುಗಳಿರಬೇಕು. ಈ ಹೊಂದಾಣಿಕೆಗೆ ಒಂದು ನಿಮಿಷವೂ ಹಿಡಿಯದು. ಅದನ್ನು ಪ್ರತಿದಿನ ಮಾಡುವ ಮನೆಯಲ್ಲಿ ಇಬ್ಬರ ಬೆನ್ನೂ ಉಳಿಯುತ್ತದೆ. ಮಾಡದ ಮನೆಯಲ್ಲಿ ಯಾರೋ ಒಬ್ಬರು, ಸಾಮಾನ್ಯವಾಗಿ ತಾಯಿ, ಇನ್ನೊಬ್ಬರ ಅಳತೆಯ ಕುರ್ಚಿಯಲ್ಲಿ ಕುಳಿತು ನೋವನ್ನು ಸಹಿಸುತ್ತಾರೆ.

ಮಿತವ್ಯಯ ಮತ್ತು ಹಳೆಯ ಪರದೆಯ ವಿಲೇವಾರಿ

ದಿನಕ್ಕೆ 8 ಗಂಟೆ ಬಳಸಿದರೆ ಮೇಲೆ ಹೇಳಿದ 160 ವಾಟಿನ ಮೇಜು ಸುಮಾರು 1.3 ಯೂನಿಟ್ ವಿದ್ಯುತ್ತನ್ನು ವ್ಯಯಿಸುತ್ತದೆ. ಅಗತ್ಯವಿಲ್ಲದಾಗ ಎರಡನೆಯ ಪರದೆಯನ್ನು ಆರಿಸುವುದರಿಂದಲೂ, ಹೊಳಪನ್ನು ಕೋಣೆಯ ಬೆಳಕಿಗೆ ತಕ್ಕಂತೆ ತಗ್ಗಿಸುವುದರಿಂದಲೂ ಉಳಿತಾಯವಾಗುತ್ತದೆ, ಕಣ್ಣಿಗೂ ಹಿತವಾಗುತ್ತದೆ.

ಹಳೆಯ ದಪ್ಪ ಪರದೆಯ ಗಾಜಿನಲ್ಲಿ ಸೀಸವಿರುತ್ತದೆ. ಅದನ್ನು ಕಸದೊಂದಿಗೆ ಎಸೆಯುವುದಾಗಲಿ, ಒಡೆಯುವುದಾಗಲಿ ಆರೋಗ್ಯಕ್ಕೆ ಹಾನಿಕರ. ವಿದ್ಯುನ್ಮಾನ ತ್ಯಾಜ್ಯದ ನಿರ್ವಹಣೆಗಾಗಿ ಕೇಂದ್ರ ಸರ್ಕಾರವು 2022ರಲ್ಲಿ ಹೊರಡಿಸಿದ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕೆಟ್ಟ ಪರದೆ, ಯಂತ್ರದ ಬಿಡಿಭಾಗಗಳನ್ನು ನೋಂದಾಯಿತ ಮರುಬಳಕೆದಾರರಿಗೆ ಅಥವಾ ತಯಾರಕರ ಸಂಗ್ರಹ ಕೇಂದ್ರಕ್ಕೆ ಒಪ್ಪಿಸತಕ್ಕದ್ದು. ಇನ್ನೂ ಕೆಲಸ ಮಾಡುವ ಪರದೆಯನ್ನು ನೆರೆಯ ವಿದ್ಯಾರ್ಥಿಗೆ ನೀಡಬಹುದು.

ಉಪಸಂಹಾರ

ಕೊಳ್ಳುವ ಮುನ್ನ ಅಳೆಯುವುದು, ದೇಹದಿಂದ ಆರಂಭಿಸಿ ಮೇಜನ್ನು ಹೊಂದಿಸುವುದು, ಹೆಚ್ಚು ನೋಡುವ ಪರದೆಯನ್ನು ನೇರ ಮುಂದೆ ಇರಿಸುವುದು, ವಿದ್ಯುತ್ ಫಲಕವನ್ನು ಇತರ ಉಪಕರಣಗಳಿಂದ ಮುಕ್ತವಾಗಿರಿಸುವುದು, ಯಂತ್ರವನ್ನು ನೆಲದಿಂದ ಎತ್ತರದಲ್ಲಿಡುವುದು: ಈ ಐದು ಅಂಶಗಳನ್ನು ಪಾಲಿಸಲು ಹೆಚ್ಚಿನ ಹಣ ಬೇಕಾಗಿಲ್ಲ. ಒಂದು ಅಳತೆಪಟ್ಟಿ, ಒಂದು ಹಳೆಯ ವೃತ್ತಪತ್ರಿಕೆ ಮತ್ತು ರಜಾದಿನದ ಎರಡು ಗಂಟೆಗಳ ಬಿಡುವು ಸಾಕು. ಮನೆಯ ಪ್ರತಿಯೊಬ್ಬರೂ ಸರದಿಯಂತೆ ಆ ಕುರ್ಚಿಯಲ್ಲಿ ಕುಳಿತು ನೋಡಿದ ಮೇಲೆಯೇ ಗೋಡೆಗೆ ಮೊದಲ ಮೊಳೆ ಬೀಳಲಿ.